ಯೋಗರಾಜ ಗುಗ್ಗುಲು, ಮಹಾಯೋಗರಾಜ ಗುಗ್ಗುಲು: ಸೊಂಟದಿಂದ ಕಾಲಿಗಿಳಿಯೋ ನೋವಿಗೆ ಯಾವುದು? ಮನೆಯಲ್ಲೇ ಮಾಡಬಹುದಾ?

ಶೇಂಗಾಹೊಲ (ಪಾವಗಡ)

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರಿಗೆ 61 ವರ್ಷ. ಬಲಗಡೆ ಸೊಂಟದಿಂದ ತೊಡೆಯ ಹಿಂಭಾಗ, ಮೀನಖಂಡ ದಾಟಿ ಹಿಮ್ಮಡಿಯವರೆಗೆ ನೋವು ಎಳೆಯುತ್ತೆ. ಎರಡೂ ಮಂಡಿ ನೋವಿದೆ, ಬೆಳಗ್ಗೆ ಎದ್ದಾಗ ಬೆನ್ನು ಬಗ್ಗೋದೇ ಇಲ್ಲ, ರಾತ್ರಿ ಅಂಗಾಲು ಉರಿ. ಶುಗರ್, ಬಿಪಿ ಮಾತ್ರೆ ತಗೊಳ್ತಾರೆ. ಒಬ್ಬರು "ಮಹಾಯೋಗರಾಜ ಗುಗ್ಗುಲು" ಅಂತ ಹೇಳಿ ಕಪ್ಪು ಗುಳಿಗೆ ಕೊಟ್ಟಿದ್ದಾರೆ. ಪೊಟ್ಟಣದ ಮೇಲೆ ಲೇಬಲ್ ಇಲ್ಲ. ದಿನಕ್ಕೆ ನಾಲ್ಕು ನುಂಗಬೇಕಂತೆ, ಇನ್ನೂ ಶುರು ಮಾಡಿಲ್ಲ.

ಯೋಗರಾಜಕ್ಕೂ ಮಹಾಯೋಗರಾಜಕ್ಕೂ ಏನು ವ್ಯತ್ಯಾಸ? ಗುಗ್ಗುಲು (ಗಿಡದ ಅಂಟು), ಭಸ್ಮ (ಲೋಹ, ಖನಿಜ ಸುಟ್ಟು ಮಾಡಿದ ಪುಡಿ) ಎಲ್ಲ ತುಮಕೂರಿನ ಗ್ರಂಧಿಗೆ ಅಂಗಡಿಯಿಂದ ತಂದು ನಾವೇ ಮಾಡಿಕೊಳ್ಳಬಹುದಾ? ಜೊತೆಗೆ ಯಾವ ಕಷಾಯ ಕೊಡಬೇಕು? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಕಕ್ಕೆಹೂ

ಲೇಬಲ್ ಇಲ್ಲದ ಆ ಗುಳಿಗೆ ಕೊಡಬೇಡಿ ಮೇಡಂ. ಕಾರಣ ಆಮೇಲೆ ಬರೆಯುತ್ತೇನೆ, ಮೊದಲು ವ್ಯತ್ಯಾಸ.

ನಾನು ಇಲ್ಲಿ ಹೇಳುವ ಎರಡಕ್ಕೂ ಮೂಲ ಹಳೇ ಆಯುರ್ವೇದ ಗ್ರಂಥ ಶಾರ್ಙ್ಗಧರ ಸಂಹಿತೆಯ ಮಧ್ಯಮ ಖಂಡ. ಇಪ್ಪತ್ತು ದ್ರವ್ಯ, ತಲಾ 1 ಶಾಣ, ಅಂದರೆ ಈಗಿನ ಲೆಕ್ಕದಲ್ಲಿ 3 ಗ್ರಾಂ: ಶುಂಠಿ, ಹಿಪ್ಪಲಿ ಬೇರು, ಹಿಪ್ಪಲಿ, ಚವ್ಯ, ಚಿತ್ರಮೂಲ, ಹುರಿದ ಇಂಗು, ಅಜಮೋದ, ಸಾಸಿವೆ, ಜೀರಿಗೆ, ಕರಿಜೀರಿಗೆ, ರೇಣುಕ ಬೀಜ, ಕೊಡಸಿಗೆ ಬೀಜ, ಪಾಠಾ ಬೇರು, ವಾಯುವಿಡಂಗ, ಗಜಹಿಪ್ಪಲಿ, ಕಟುಕರೋಹಿಣಿ, ಅತಿವಿಷ, ಗಂಟುಭಾರಂಗಿ, ಬಜೆ, ಮೂರ್ವಾ. ಒಟ್ಟು 60 ಗ್ರಾಂ. ಅದರ ಎರಡರಷ್ಟು, 120 ಗ್ರಾಂ, ತ್ರಿಫಲ: ಅಳಲೆ, ತಾರೆ, ನೆಲ್ಲಿ ತಲಾ 40. ಇದೆಲ್ಲ ಸೇರಿ 180 ಗ್ರಾಂ ಆಯಿತು, ಅದಕ್ಕೆ ಸರಿಸಮ 180 ಗ್ರಾಂ ಶೋಧಿಸಿದ (ಶುದ್ಧ ಮಾಡಿದ) ಗುಗ್ಗುಲು. ಇಲ್ಲಿಗೆ ನಿಲ್ಲಿಸಿದರೆ ಈಗ ಅಂಗಡಿಗಳಲ್ಲಿ ಯೋಗರಾಜ ಅಂತ ಸಿಗುವ ಮಾತ್ರೆಗಳಲ್ಲಿ ಒಂದು ಬಗೆ.

ಮುಂದೆ ವಂಗ (ತವರ), ಬೆಳ್ಳಿ, ನಾಗ (ಸೀಸ), ಲೋಹ (ಕಬ್ಬಿಣ), ಅಭ್ರಕ, ಮಂಡೂರ ಭಸ್ಮಗಳು, ಜೊತೆಗೆ ಪಾದರಸ-ಗಂಧಕದಿಂದ ಮಾಡಿದ ರಸಸಿಂಧೂರ, ಈ ಏಳನ್ನೂ ತಲಾ 1 ಪಲ, 48 ಗ್ರಾಂ ಸೇರಿಸಿದರೆ ಮಹಾಯೋಗರಾಜ. 48ನ್ನು ಏಳರಿಂದ ಗುಣಿಸಿದರೆ 336. ಒಟ್ಟು ತೂಕ 696 ಗ್ರಾಂ. ಅಂದರೆ ಮಾತ್ರೆಯ ಹತ್ತಿರ ಹತ್ತಿರ ಅರ್ಧ ಖನಿಜ. ಸೀಸದ ಭಸ್ಮ ಒಂದೇ ಸುಮಾರು 7%. ಗ್ರಂಥದ ಪ್ರಮಾಣದಂತೆಯೇ ಮಾಡಿದ 250 ಮಿ.ಗ್ರಾಂ. ಗುಳಿಗೆ ದಿನಕ್ಕೆ ನಾಲ್ಕು ನುಂಗಿದರೆ ಹತ್ತಿರ ಹತ್ತಿರ 70 ಮಿ.ಗ್ರಾಂ. ನಾಗ ಭಸ್ಮ ಹೊಟ್ಟೆಗೆ ಹೋಗುತ್ತೆ. ಕಂಪನಿಯಿಂದ ಕಂಪನಿಗೆ ಪ್ರಮಾಣ ಬೇರೆ ಇರುತ್ತೆ, ಅದಕ್ಕೇ ಲೇಬಲ್ ಇಲ್ಲದ್ದು ಬೇಡ ಅಂದಿದ್ದು.

ಸೀಸ ದೇಹದಲ್ಲಿ ಮೂಳೆಗೆ ಸೇರಿ ವರ್ಷಗಟ್ಟಲೆ ಉಳಿಯುತ್ತೆ. ಅದು ಜಾಸ್ತಿಯಾದಾಗ ಬರೋ ಲಕ್ಷಣ ನೋಡಿ: ಹೊಟ್ಟೆ ನುಲಿತ, ಮಲಬದ್ಧತೆ, ರಕ್ತಹೀನತೆ, ಕೀಲು ನೋವು, ಸ್ನಾಯು ನೋವು, ನರ ದುರ್ಬಲವಾಗಿ ಮಣಿಕಟ್ಟು ಜೋತು ಬೀಳೋದು. ಯಾವ ನೋವಿಗೆ ಔಷಧಿ ಅಂತ ಶುರು ಮಾಡಿದರೋ ಅದೇ ನೋವು. "ಇನ್ನೂ ವಾಸಿಯಾಗಿಲ್ಲ, ಡೋಸ್ ಜಾಸ್ತಿ ಮಾಡಿ" ಅನ್ನುವ ದಾರಿಗೆ ಬೀಳೋದು ಹೀಗೆಯೇ. ಅಮೆರಿಕದಲ್ಲಿ 2000ರಿಂದ 2003ರ ನಡುವೆ ಆಯುರ್ವೇದ ಔಷಧಿಗೆ ಸಂಬಂಧಿಸಿದ 12 ಸೀಸದ ವಿಷಬಾಧೆ ಪ್ರಕರಣಗಳನ್ನು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2004ರಲ್ಲಿ ದಾಖಲಿಸಿತು.

ನಿಮ್ಮ ಅತ್ತೆಯವರಿಗೆ ವೈದ್ಯರು ಗುಗ್ಗುಲು ಬೇಕು ಅಂದರೆ ಭಸ್ಮವಿಲ್ಲದ ಯೋಗರಾಜದಿಂದ ಶುರು ಮಾಡಲಿ. ರೂಢಿಯಲ್ಲಿ 500 ಮಿ.ಗ್ರಾಂ. ಮಾತ್ರೆ, ಊಟದ ನಂತರ ದಿನಕ್ಕೆ ಎರಡು ಸಲ, ಬಿಸಿನೀರು ಅಥವಾ ಕಷಾಯದ ಜೊತೆ. ಹಳೇ ಸ್ಟಾಕ್ ಗುಗ್ಗುಲು ಮಾತ್ರೆ ಕಲ್ಲಿನಂತೆ ಗಟ್ಟಿಯಾಗಿ ಹೊಟ್ಟೆಯಲ್ಲಿ ಸರಿಯಾಗಿ ಒಡೆಯದೆ ಹಾಗೇ ಹೊರಗೆ ಹೋಗಬಹುದು. ಜಜ್ಜಿ ಕೊಡಿ. ಬಿಪಿ ಮಾತ್ರೆ ಯಾವುದು ಅಂತ ಹೆಸರು ಹೇಳಿ, ಅದು ಮುಖ್ಯ.

ಕುಟ್ಟಣಿ_ತುಮಕೂರು

ಕಕ್ಕೆಹೂ ಅವರ ಲೆಕ್ಕ ಸರಿ ಇದೆ. ಮನೆಯಲ್ಲಿ ಮಾಡೋ ವಿಷಯಕ್ಕೆ ಬರ್ತೀನಿ. ಭಸ್ಮ ಬಿಡಿಯಾಗಿ ತಂದು ಬೆರೆಸೋದು ಖಂಡಿತ ಬೇಡ. ಭಸ್ಮ ಹಾಕದ ಯೋಗರಾಜವನ್ನೇ ಮಾಡ್ತೀವಿ ಅಂದ್ರೂ ಎಲ್ಲೆಲ್ಲಿ ಕೆಡುತ್ತೆ ಅಂತ ತಿಳಿದಿರಲಿ.

ಮೊದಲನೇದು ಗುಗ್ಗುಲು. ರಾಜಸ್ಥಾನ, ಗುಜರಾತ್ ಕಡೆಯಿಂದ ಬರೋದು, ಗಿಡ ಅಳಿವಿನ ಅಂಚಿನಲ್ಲಿದೆ, ಆದ್ದರಿಂದ ಕಲಬೆರಕೆ ಜಾಸ್ತಿ. ಬೇರೆ ಗಿಡದ ಅಂಟು, ತೊಗಟೆ, ಮರಳು, ಕಲ್ಲು ಸೇರಿರುತ್ತೆ. ಒಳ್ಳೇದು ಹೊಂಬಣ್ಣ ಬೆರೆತ ಕಂದು, ಮುರಿದ ಕಡೆ ಹೊಳಪು, ಕೈಗೆ ಅಂಟುತ್ತೆ, ರುಚಿ ಕಹಿ. ಹಳೇ ಪರೀಕ್ಷೆ ಇವತ್ತಿಗೂ ನಡೆಯುತ್ತೆ: ಬೆಂಕಿಗೆ ಹಿಡಿದರೆ ಉರಿಯಬೇಕು, ಬಿಸಿಲಿಗಿಟ್ಟರೆ ಕರಗಬೇಕು, ಬಿಸಿನೀರಲ್ಲಿ ಕದಡಿದರೆ ಹಾಲಿನಂತೆ ಆಗಬೇಕು. ನೀರು ತಿಳಿಯಾಗೇ ಉಳಿದು ತಳದಲ್ಲಿ ಗಸಿ ನಿಂತರೆ ವಾಪಸ್ ಕೊಡಿ.

ಶೋಧನೆ ಹೀಗೆ. ಕಡಲೆಕಾಳಿನ ಗಾತ್ರಕ್ಕೆ ಒಡೆದು ಕಸ ಆರಿಸಿ, ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ, ಪಾತ್ರೆಯ ಮೇಲೆ ಅಡ್ಡ ಕೋಲಿಟ್ಟು ತ್ರಿಫಲ ಕಷಾಯದಲ್ಲಿ ಮುಳುಗುವಂತೆ ಇಳಿಬಿಡಬೇಕು. ಗಂಟು ತಳಕ್ಕೆ ತಾಕಬಾರದು. ಸಣ್ಣ ಉರಿಯಲ್ಲಿ ಗುಗ್ಗುಲು ಕರಗಿ ಕಷಾಯಕ್ಕೆ ಇಳಿಯುತ್ತೆ, ನಡುನಡುವೆ ಸೌಟಿನಿಂದ ಗಂಟು ಒತ್ತಬೇಕು. ಬಟ್ಟೆಯಲ್ಲಿ ಬರೀ ಮರಳು-ತೊಗಟೆ ಉಳಿದಾಗ ತೆಗೆದು, ಕಷಾಯವನ್ನು ಮತ್ತೆ ಸೋಸಿ, ಗಟ್ಟಿಯಾಗೋವರೆಗೆ ಕಾಯಿಸಿ, ತುಪ್ಪ ಸವರಿದ ತಟ್ಟೆಗೆ ಸುರಿದು ಬಿಸಿಲಲ್ಲಿ ಒಣಗಿಸಬೇಕು. ಕಡೇ ಹಂತದಲ್ಲಿ ಒಂದು ಕ್ಷಣ ಕೈ ನಿಲ್ಲಿಸಿದರೂ ತಳ ಹಿಡಿಯುತ್ತೆ. ಸೀದ ವಾಸನೆ ಬಂದರೆ ಆ ಪಾಕ ಹೋಯ್ತು, ಬೇರೆ ಪಾತ್ರೆಗೆ ಸುರಿದು ಉಳಿಸ್ತೀನಿ ಅಂದ್ರೆ ಆಗಲ್ಲ. ಸರಿಯಾಗಿ ಒಣಗದೆ ಡಬ್ಬಕ್ಕೆ ಹಾಕಿದರೆ ಬೂಷ್ಟು ಹಿಡಿಯುತ್ತೆ, ಮೋಡದ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ.

ಆಮೇಲೆ ಕುಟ್ಟೋದು. ಗುಗ್ಗುಲುವನ್ನು ಕಲ್ಲಿನ ಒರಳಲ್ಲಿ ತುಪ್ಪ ತೊಟ್ಟು ತೊಟ್ಟೇ ಹಾಕುತ್ತಾ ಮೇಣದಷ್ಟು ಮೆತ್ತಗೆ ಕುಟ್ಟಿ, ಉಳಿದ ದ್ರವ್ಯಗಳ ವಸ್ತ್ರಗಾಳಿತ (ಬಟ್ಟೆಯಲ್ಲಿ ಜರಡಿ ಹಿಡಿದ) ಪುಡಿಯನ್ನು ಹಿಡಿ ಹಿಡಿಯಾಗಿ ಸೇರಿಸಬೇಕು. ತುಪ್ಪ ಜಾಸ್ತಿಯಾದರೆ ಗುಳಿಗೆ ನಿಲ್ಲಲ್ಲ, ಕಮ್ಮಿಯಾದರೆ ಬಿರುಕು ಬಿಡುತ್ತೆ. ಮಿಕ್ಸಿಗೆ ಹಾಕಬೇಡಿ, ಬಿಸಿಗೆ ಗುಗ್ಗುಲು ಕರಗಿ ಬ್ಲೇಡಿಗೆ ಸುತ್ತಿಕೊಳ್ಳುತ್ತೆ.

ಎರಡನೇದು ದ್ರವ್ಯಗಳು. ಚಿತ್ರಮೂಲವನ್ನು ಸುಣ್ಣದ ತಿಳಿನೀರಲ್ಲಿ ನೆನೆಸಿ, ನೀರಿಗೆ ಬಣ್ಣ ಬಿಡೋದು ನಿಲ್ಲೋವರೆಗೆ ಬದಲಿಸಿ, ತೊಳೆದು ಒಣಗಿಸಬೇಕು. ಹಸಿ ಬೇರು ಬಾಯಿ, ಹೊಟ್ಟೆ ಸುಡುತ್ತೆ. ಇಂಗು ತುಪ್ಪದಲ್ಲಿ ಹುರಿದದ್ದೇ ಆಗಬೇಕು. ರೇಣುಕ ಬೀಜ ಕೇಳಿದರೆ ಎಷ್ಟೋ ಕಡೆ ಲಕ್ಕಿ ಬೀಜ ಕೊಡ್ತಾರೆ. ಅತಿವಿಷ ದುಬಾರಿ, ಅದರ ಬದಲು ಭದ್ರಮುಷ್ಟಿ ಬರುತ್ತೆ. ಅದು ಅಪಾಯ ಅಲ್ಲ, ಗ್ರಂಥದಲ್ಲೇ ಹೇಳಿದ ಬದಲಿ ದ್ರವ್ಯ. ಆದರೆ ವತ್ಸನಾಭಿ ಅನ್ನೋ ವಿಷದ ಗೆಡ್ಡೆ ಬೆರೆತಿದ್ದರೆ ಜೀವಕ್ಕೇ ಅಪಾಯ. ಅತಿವಿಷ ಮುರಿದರೆ ಒಳಗೆ ಬೆಳ್ಳಗೆ, ರುಚಿ ಬರೀ ಕಹಿ. ಬೇರೆ ಏನೇ ಕಂಡರೂ, ಸಂದೇಹ ಬಂದರೂ ಪರೀಕ್ಷೆಗೆ ಅಂತ ಬಾಯಿಗೆ ಹಾಕದೆ ಪಕ್ಕಕ್ಕಿಡಿ.

ಇಷ್ಟು ಓದಿದ ಮೇಲೆ ನಿಮಗೇ ಗೊತ್ತಾಗುತ್ತೆ. ಲೈಸೆನ್ಸ್ ಇರೋ ಕಂಪನಿಯ ಯೋಗರಾಜ ತಗೊಳ್ಳಿ, ಕಷಾಯ ಮನೆಯಲ್ಲಿ ಮಾಡಿ.

ಶೇಂಗಾಹೊಲ (ಪಾವಗಡ)

ತುಂಬಾ ಉಪಕಾರ ಆಯ್ತು. ಅವರು ತಗೊಳ್ಳೋದು ಮೆಟ್‌ಫಾರ್ಮಿನ್, ಬಿಪಿಗೆ ಡಿಲ್ಟಿಯಾಜೆಮ್. ಕಷಾಯಕ್ಕೆ ಬೋರ್‌ವೆಲ್ ನೀರು ಆಗುತ್ತಾ? ಕುಡಿಯೋದಕ್ಕೂ ಅದೇ.

ನೆಲ್ಲಿಮರ

ನೀವು ಕಡೇಗೆ ಬರೆದ ಆ ಒಂದು ಸಾಲು ಉಳಿದೆಲ್ಲಕ್ಕಿಂತ ಮುಖ್ಯ. ಪಾವಗಡ, ಶಿರಾ, ಆ ಕಡೆ ಬಾಗೇಪಲ್ಲಿ, ಗುಡಿಬಂಡೆ, ಇಲ್ಲೆಲ್ಲ ಆಳದ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರುಗಳು ಬಹಳ. ಲೀಟರಿಗೆ 1 ಮಿ.ಗ್ರಾಂ. ಮೀರಬಾರದು, ಬೇರೆ ನೀರು ಸಿಗದಿದ್ದರೆ 1.5ರವರೆಗೆ ಒಪ್ಪಬಹುದು ಅನ್ನೋದು ನಮ್ಮ ದೇಶದ ಮಾನದಂಡ. ಅದಕ್ಕಿಂತ ಹೆಚ್ಚಿನ ನೀರು ವರ್ಷಗಟ್ಟಲೆ ಕುಡಿದರೆ ಫ್ಲೋರೈಡ್ ಮೂಳೆಗೂ ಅಸ್ಥಿರಜ್ಜುಗಳಿಗೂ ಸೇರಿ ಅವು ಗಟ್ಟಿಯಾಗುತ್ತವೆ. ಕುತ್ತಿಗೆ, ಬೆನ್ನು, ಮಂಡಿ ಬಿಗಿಯುತ್ತೆ, ಬೆನ್ನು ಬಗ್ಗಲ್ಲ. ಬೆನ್ನುಹುರಿಯ ದಾರಿ ಕಿರಿದಾದಾಗ ಕಾಲಿಗೆ ಜೋಮು, ನಿಶ್ಶಕ್ತಿ. ನೀವು ವಿವರಿಸಿದ ಬೆನ್ನಿನ ಬಿಗಿತ ಇದಕ್ಕೆ ಹೊಂದುತ್ತೆ. ಇದೇ ಅಂತ ಹೇಳ್ತಿಲ್ಲ, ಆದರೆ ಇದನ್ನು ನೋಡದೆ ಗುಗ್ಗುಲು ಶುರು ಮಾಡೋದು ತಪ್ಪು. ಅದೇ ನೀರು ಕುಡಿಯುತ್ತಾ ಯಾವ ಗುಳಿಗೆ ನುಂಗಿದರೂ ಮೂಲ ಹಾಗೇ ಉಳಿಯುತ್ತೆ.

ಮೂರು ಪರೀಕ್ಷೆ ಮಾಡಿಸಿ: ಬೋರ್‌ವೆಲ್ ನೀರಿನ ಫ್ಲೋರೈಡ್, ಮೂತ್ರದ ಫ್ಲೋರೈಡ್, ಸೊಂಟದ ಜೊತೆ ಮುಂಗೈಯ ಎಕ್ಸ್‌ರೇ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಸುಣ್ಣ ಕಟ್ಟಿದ್ದು ಕಂಡರೆ ಅದು ಫ್ಲೋರೈಡ್ ಕಾಯಿಲೆಯಾದ ಫ್ಲೋರೋಸಿಸ್‌ನ ಬಲವಾದ ಗುರುತು. ಫ್ಲೋರೋಸಿಸ್ ನಿಯಂತ್ರಣಕ್ಕೆ 2008-09ರಿಂದ ರಾಷ್ಟ್ರೀಯ ಕಾರ್ಯಕ್ರಮ ಇದೆ, ಜಿಲ್ಲಾ ಆಸ್ಪತ್ರೆಯಲ್ಲಿ ಆ ಹೆಸರು ಹೇಳಿ ವಿಚಾರಿಸಿ.

ಈಗ ಕಷಾಯದ ಲೆಕ್ಕ. 48 ಗ್ರಾಂ ತರಿಗೆ (ತರಿಯಾಗಿ ಕುಟ್ಟಿದ ಔಷಧಿ ಪುಡಿಗೆ) ಹದಿನಾರರಷ್ಟು, 768 ಮಿ.ಲೀ. ನೀರು ಹಾಕಿ ಎಂಟನೇ ಒಂದು ಭಾಗಕ್ಕೆ, 96 ಮಿ.ಲೀ.ಗೆ ಇಳಿಸ್ತೀರಿ. ನೀರು ಆವಿಯಾಗುತ್ತೆ, ಫ್ಲೋರೈಡ್ ಆಗಲ್ಲ. ಲೀಟರಿಗೆ 3 ಮಿ.ಗ್ರಾಂ. ಇರುವ ನೀರಾದರೆ ಸುಮಾರು 2.3 ಮಿ.ಗ್ರಾಂ. ಆ ಪಾತ್ರೆಯಲ್ಲೇ ಉಳಿಯುತ್ತೆ. ಸ್ವಲ್ಪ ಚರಟಕ್ಕೆ ಅಂಟಿ ಹೋಗಬಹುದು, ಮಿಕ್ಕಿದ್ದು ಆ ಅರ್ಧರ್ಧ ಲೋಟದ ಕಷಾಯದಲ್ಲಿ. ನೀರು ಕುದಿಸಿ ಆರಿಸಿ ಕುಡಿದರೆ ಫ್ಲೋರೈಡ್ ಹೋಗುತ್ತೆ ಅನ್ನೋ ನಂಬಿಕೆ ನಮ್ಮ ಕಡೆ ಇದೆ, ಅದು ಉಲ್ಟಾ. ಕಷಾಯಕ್ಕೂ ಅಡುಗೆಗೂ ಹಿಡಿದಿಟ್ಟ ಮಳೆನೀರು ಅಥವಾ ಪಂಚಾಯ್ತಿಯ ಶುದ್ಧ ನೀರಿನ ಘಟಕದ ನೀರು ಬಳಸಿ. ಘಟಕದ ನೀರನ್ನೂ ಒಮ್ಮೆ ಫ್ಲೋರೈಡ್‌ಗೆ ಪರೀಕ್ಷಿಸಿ, ಯಾಕೆಂದರೆ ನೀರು ಸೋಸುವ ಮೆಂಬ್ರೇನ್ ಹಳೆಯದಾದರೆ ತಡೆಯೋದು ಕಮ್ಮಿ ಆಗುತ್ತೆ, ಕರಗಿದ ಒಟ್ಟು ಲವಣ ಅಳೆಯೋ ಟಿಡಿಎಸ್ ಮೀಟರ್ ಫ್ಲೋರೈಡ್ ತೋರಿಸಲ್ಲ. ಟೀ ಕಮ್ಮಿ ಮಾಡಲಿ, ಟೀ ಸೊಪ್ಪಲ್ಲೇ ಫ್ಲೋರೈಡ್ ಇದೆ. ರಾಗಿ, ಹಾಲು, ನೆಲ್ಲಿಕಾಯಿ ಚೆನ್ನಾಗಿ ಕೊಡಿ.

ಕಕ್ಕೆಹೂ

ನೆಲ್ಲಿಮರ ಅವರು ಹೇಳಿದ್ದನ್ನು ಮೊದಲು ಮಾಡಿ. ಮಾತ್ರೆಗಳ ಬಗ್ಗೆ ನಾನು ಎರಡು ವಿಷಯ ಹೇಳಬೇಕು.

ಡಿಲ್ಟಿಯಾಜೆಮ್ ಮತ್ತು ಪ್ರೊಪ್ರನೊಲಾಲ್, ಈ ಎರಡು ರಕ್ತಕ್ಕೆ ಸೇರುವುದನ್ನು ಗುಗ್ಗುಲು ಕಮ್ಮಿ ಮಾಡುತ್ತೆ ಅಂತ ಪರೀಕ್ಷೆಗಳಲ್ಲಿ ಕಂಡಿದೆ. ಬಿಪಿ ಏರಬಹುದು. ಆದ್ದರಿಂದ ಬಿಪಿ ಮಾತ್ರೆ ಬರೆದ ಡಾಕ್ಟರಿಗೆ ತಿಳಿಸದೆ ಯೋಗರಾಜವನ್ನೂ ಶುರು ಮಾಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆ, ಥೈರಾಯ್ಡ್ ಮಾತ್ರೆ ತಗೊಳ್ಳುವವರಿಗೂ ಇದೇ ಮಾತು. ಮೈಮೇಲೆ ದದ್ದು, ಭೇದಿ, ಎದೆಯುರಿ ಬಂದರೆ ನಿಲ್ಲಿಸಿ.

ಅಂಗಾಲು ಉರಿ: ಶುಗರ್‌ನಿಂದ ನರಕ್ಕೆ ಆದ ತೊಂದರೆ ಇರಬಹುದು. ಮೆಟ್‌ಫಾರ್ಮಿನ್ ಬಹಳ ವರ್ಷ ತಗೊಂಡವರಲ್ಲಿ ಬಿ12 ಇಳಿದು ಹೀಗಾಗೋದೂ ಇದೆ. ಬಿ12 ರಕ್ತಪರೀಕ್ಷೆ ಮಾಡಿಸಿ. ಇಳಿದಿದ್ದರೆ ಅದನ್ನು ತುಂಬಿಕೊಡೋದೇ ಚಿಕಿತ್ಸೆ, ಗುಗ್ಗುಲು ಅಲ್ಲ.

ಕಷಾಯಕ್ಕೆ ರಾಸ್ನಾಸಪ್ತಕ ಸರಿ. ಸೊಂಟ, ತೊಡೆ, ಮೀನಖಂಡ, ಪಕ್ಕೆ ನೋವಿಗೆ ಅಂತಲೇ ಹೇಳಿರುವ ಯೋಗ. ರಾಸ್ಮೆ, ಅಮೃತಬಳ್ಳಿ ಕಾಂಡ, ಕಕ್ಕೆಕಾಯಿ, ದೇವದಾರು, ನೆಗ್ಗಿಲು, ಹರಳು ಬೇರು, ಕೊಮ್ಮೆ ಬೇರು, ತಲಾ 50 ಗ್ರಾಂ ಒಣಗಿಸಿ ತರಿಯಾಗಿ ಕುಟ್ಟಿದರೆ 350 ಗ್ರಾಂ, ಒಂದು ವಾರಕ್ಕೆ ಆಗುತ್ತೆ. ಮೇಲೆ ಹೇಳಿದಂತೆ 768ರಿಂದ 96ಕ್ಕೆ, ಮುಚ್ಚಳ ಹಾಕದೆ ಸಣ್ಣ ಉರಿಯಲ್ಲಿ ಇಳಿಸಿ ಸೋಸಿ. ಬೆಳಗ್ಗೆ ಅರ್ಧ, ಸಂಜೆ ಅರ್ಧ, ಕುಡಿಯುವಾಗ ಒಂದು ಗ್ರಾಂ ಶುಂಠಿ ಪುಡಿ. ಅಂದಂದಿನದು ಅಂದೇ, ಮಾರನೇ ದಿನಕ್ಕೆ ಇಡಬೇಡಿ. ಭೇದಿಯಾದರೆ ಕಕ್ಕೆಕಾಯಿ ಅರ್ಧ ಮಾಡಿ. ನೆಗ್ಗಿಲು, ಕೊಮ್ಮೆ ಮೂತ್ರ ಹೆಚ್ಚಿಸುತ್ತವೆ, ಅಮೃತಬಳ್ಳಿ ಶುಗರ್ ಇಳಿಸಬಹುದು. ಹಾಗಾಗಿ ಮೊದಲ ವಾರ ಬಿಪಿ, ಶುಗರ್ ಎರಡನ್ನೂ ಗಮನಿಸಿ. ಕಿಡ್ನಿ ತೊಂದರೆ ಇದ್ದರೆ ಈ ಕಷಾಯವೂ ವೈದ್ಯರನ್ನು ಕೇಳಿಯೇ.

ರಸಶಾಲೆ

ಭಸ್ಮವನ್ನು ಇಷ್ಟು ಹೆದರಿಸಿ ಬರೆಯೋದು ಸರಿ ಕಾಣಲಿಲ್ಲ. ಸರಿಯಾಗಿ ಮಾರಣ (ಲೋಹ ಸುಟ್ಟು ಭಸ್ಮ ಮಾಡೋದು) ಆದ ನಾಗ ಭಸ್ಮ ಲೋಹವಾಗಿ ಉಳಿದಿರಲ್ಲ. ನೀರ ಮೇಲೆ ತೇಲಬೇಕು, ಬೆರಳಿನ ಗೆರೆಯೊಳಗೆ ತುಂಬಬೇಕು, ಹೊಳಪು ಇರಬಾರದು. ತುಪ್ಪ, ಜೇನು, ಗುಲಗಂಜಿ, ಬಿಳಿಗಾರ ಸೇರಿಸಿ ಕಾಯಿಸಿದರೆ ಮತ್ತೆ ಲೋಹ ಹುಟ್ಟಬಾರದು. ಈ ಪರೀಕ್ಷೆ ಗೆದ್ದ ಭಸ್ಮ ಬೇರೆ, ಸಂತೆಯಲ್ಲಿ ಸಿಗೋ ಬೂದಿ ಬೇರೆ. ಕಚ್ಚಾ ಕೆಲಸದವರ ತಪ್ಪನ್ನು ಶಾಸ್ತ್ರದ ತಲೆಗೆ ಕಟ್ಟಬೇಡಿ.

ಕಕ್ಕೆಹೂ

ಸರ್, ನೀವು ಹೇಳಿದ ಪರೀಕ್ಷೆಗಳನ್ನು ನಾನೂ ಗೌರವಿಸುತ್ತೇನೆ. ಪುಟ (ಸುಡುವ ಹಂತ) ಸರಿಯಾಗಿ ಬಿದ್ದಿದೆಯೇ, ಪುಡಿ ಎಷ್ಟು ನಯವಾಗಿದೆ, ಬಿಡಿ ಲೋಹ ಉಳಿದಿದೆಯೇ ಅನ್ನೋದನ್ನು ಅವು ಹೇಳುತ್ತವೆ. ಆದರೆ ಲೋಹರೂಪ ಹೋದ ಮಾತ್ರಕ್ಕೆ ಸೀಸ ಹೋಗಲ್ಲ, ಅದು ಗಂಧಕದ ಜೊತೆಗೋ ಆಮ್ಲಜನಕದ ಜೊತೆಗೋ ಕೂಡಿದ ರೂಪದಲ್ಲಿ ಅಲ್ಲೇ ಇರುತ್ತೆ. ಹೊಟ್ಟೆಯ ಆಮ್ಲದಲ್ಲಿ ಅದರಲ್ಲಿ ಎಷ್ಟು ಕರಗಿ ರಕ್ತಕ್ಕೆ ಹೋಗುತ್ತೆ ಅನ್ನೋದನ್ನು ನೀರ ಮೇಲೆ ತೇಲಿಸಿ ತಿಳಿಯಲು ಬರಲ್ಲ, ರಕ್ತದ ಸೀಸ ಪರೀಕ್ಷೆಯಿಂದ ಮಾತ್ರ ತಿಳಿಯುತ್ತೆ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಸೀಸ ಎಲ್ಲಿಂದ ಬರ್ತಿದೆ ಅಂತ ಹುಡುಕಿ ನಿಲ್ಲಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಹೇಳುತ್ತೆ. ಮಹಾಯೋಗರಾಜ ಕೊಡಲೇಬೇಕು ಅಂತ ವೈದ್ಯರು ತೀರ್ಮಾನಿಸಿದರೆ ಶುರು ಮಾಡುವ ಮೊದಲು ಒಮ್ಮೆ, ನಡುವೆ ಒಮ್ಮೆ ಈ ಪರೀಕ್ಷೆ, ಜೊತೆಗೆ ಕಿಡ್ನಿ ನೋಡೋ ಕ್ರಿಯಾಟಿನಿನ್ ಮಾಡಿಸಲಿ. ಗರ್ಭಿಣಿ, ಹಾಲೂಡಿಸುವ ತಾಯಿ, ಮಕ್ಕಳು, ಕಿಡ್ನಿ ರೋಗಿಗಳಿಗೆ ಯಾವ ಪ್ರಮಾಣದಲ್ಲೂ ಬೇಡ.

ಕುಟ್ಟಣಿ_ತುಮಕೂರು

ಆ ಪೊಟ್ಟಣದ ಬಗ್ಗೆ ಇನ್ನೊಂದು ಅನುಮಾನ. ನೋವಿಗೆ ಅಂತ ಮಾರುವ ಲೇಬಲ್ ಇಲ್ಲದ ಗುಳಿಗೆ, ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸುವ ದಂಧೆ ಇದೆ. ನುಂಗಿದ ಒಂದೆರಡು ದಿನದಲ್ಲೇ ನೋವು ಮಾಯ, ಹಸಿವು ಜಾಸ್ತಿ, ಮುಖ ಊದುತ್ತೆ, ಶುಗರ್ ಏರುತ್ತೆ, ಬಿಟ್ಟ ತಕ್ಷಣ ನೋವು ಇಮ್ಮಡಿ. ಗುಗ್ಗುಲು ಯಾವತ್ತೂ ಒಂದು ದಿನದಲ್ಲಿ ಕೆಲಸ ಮಾಡಲ್ಲ. ಇಂಥದ್ದನ್ನು ಈಗಾಗಲೇ ತಿಂಗಳುಗಟ್ಟಲೆ ತಿಂದವರು ಇದನ್ನು ಓದುತ್ತಿದ್ದರೆ, ಒಮ್ಮೆಲೇ ನಿಲ್ಲಿಸಬೇಡಿ, ಪೊಟ್ಟಣ ಸಮೇತ ಡಾಕ್ಟರ ಹತ್ತಿರ ಹೋಗಿ.

ಅಂಗಡಿಯ ಡಬ್ಬದ ಮೇಲೆ ಎಲ್ಲ ದ್ರವ್ಯಗಳ ಹೆಸರು ಮತ್ತು ತೂಕ, ತಯಾರಿಕಾ ಲೈಸೆನ್ಸ್ ನಂಬರ್, ಬ್ಯಾಚ್, ಅವಧಿ ಇರಬೇಕು. ಪಾದರಸ, ವತ್ಸನಾಭಿ, ಕಾಸರ್ಕ ಇಂಥ ವಿಷದ ದ್ರವ್ಯಗಳು ಇದ್ದರೆ ವೈದ್ಯರ ಮೇಲ್ವಿಚಾರಣೆಯಲ್ಲೇ ತಗೊಳ್ಳಬೇಕು ಅನ್ನೋ ಎಚ್ಚರಿಕೆ ಅಚ್ಚಾಗಿರಬೇಕು. ವಾತವಿಧ್ವಂಸನ ರಸ, ಏಕಾಂಗವೀರ ರಸ ಇವನ್ನೂ ಇದೇ ನೋವಿಗೆ ಕೊಡ್ತಾರೆ, ಅವೂ ಪಾದರಸದ ಯೋಗಗಳೇ. ವಾತವಿಧ್ವಂಸನದಲ್ಲಿ ವತ್ಸನಾಭಿ ಬೇರೆ ಇದೆ. ನಾಲಿಗೆ ಜುಮ್ಮೆಂದರೆ, ಎದೆಬಡಿತ ತಪ್ಪಿದರೆ ತಕ್ಷಣ ಆಸ್ಪತ್ರೆ.

ನೆಲ್ಲಿಮರ

ಪರೀಕ್ಷೆಗಳ ಫಲಿತಾಂಶ ಬರೋವರೆಗೆ ಹೊರಗಿನಿಂದ ಲಕ್ಕಿ ಎಣ್ಣೆ ಹಚ್ಚಿ. ಎಳ್ಳೆಣ್ಣೆ 400 ಮಿ.ಲೀ., ಹಸಿ ಲಕ್ಕಿ ಸೊಪ್ಪಿನ ರಸ 1.6 ಲೀಟರ್, ಅರೆದ ಲಕ್ಕಿ ಬೇರು ಅಥವಾ ಸೊಪ್ಪಿನ ಕಲ್ಕ 50 ಗ್ರಾಂ. ರಸದಲ್ಲಿ ಕಾಯಿಸುವ ಎಣ್ಣೆಗೆ ಕಲ್ಕ ಎಂಟನೇ ಒಂದು ಭಾಗ ಸಾಕು, ನೀರಲ್ಲಿ ಕಾಯಿಸುವಾಗ ನಾಲ್ಕನೇ ಒಂದು ಭಾಗ. ದಪ್ಪ ತಳದ ಅಗಲ ಪಾತ್ರೆಯಲ್ಲಿ ಸಣ್ಣ ಉರಿ. ಒಂದೇ ದಿನದಲ್ಲಿ ಮುಗಿಸಬೇಡಿ, ಇಂದು ಅರ್ಧ ಕಾಯಿಸಿ ಇಳಿಸಿ, ನಾಳೆ ಮತ್ತೆ ಒಲೆಗೇರಿಸಿ. ನೊರೆ ಏಳತೊಡಗಿದರೆ ಹತ್ತಿರ ಬಂತು ಅಂತ. ಕಲ್ಕ ಬೆರಳಲ್ಲಿ ಬತ್ತಿಯಂತೆ ಹೊಸೆಯಲು ಬರಬೇಕು, ಬೆಂಕಿಗೆ ಹಿಡಿದರೆ ಚಟಚಟ ಅನ್ನದೆ ಉರಿಯಬೇಕು. ಚಟಚಟ ಅಂದರೆ ಇನ್ನೂ ನೀರಿದೆ, ಹಾಗೇ ಸೋಸಿದರೆ ಎಣ್ಣೆ ಕಮಟುತ್ತೆ. ಕಲ್ಕ ಕಪ್ಪಗೆ ಇದ್ದಿಲಾದರೆ ಗುಣ ಹೋಯ್ತು. ಬಿಸಿ ಇರುವಾಗಲೇ ಸೋಸಿ.

ಉಗುರುಬೆಚ್ಚಗೆ ಮಾಡಿ ಸೊಂಟದಿಂದ ಪಾದದ ಕಡೆಗೆ ಹಗುರವಾಗಿ ಸವರಿ. ಶುಗರ್ ಇರುವವರ ಅಂಗಾಲಿಗೆ ಬಿಸಿ ಕಾವು, ಬಿಸಿ ಇಟ್ಟಿಗೆ ಶಾಖ ಕೊಡಬೇಡಿ, ಸ್ಪರ್ಶ ಕಮ್ಮಿ ಇದ್ದರೆ ಸುಟ್ಟಿದ್ದೇ ಗೊತ್ತಾಗಲ್ಲ.

ಇದಿಷ್ಟರ ನಡುವೆ ಪಾದ ಎತ್ತಲು ಆಗದೆ ಕಾಲು ಎಳೆದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಸಂದಿಯಲ್ಲಿ ಜೋಮು ಹಿಡಿದರೆ, ಜ್ವರದ ಜೊತೆ ಒಂದು ಕೀಲು ಕೆಂಪಾಗಿ ಊದಿದರೆ ಕಷಾಯ, ಎಣ್ಣೆ ಎಲ್ಲ ಪಕ್ಕಕ್ಕಿಟ್ಟು ಅಂದೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ.

ಶೇಂಗಾಹೊಲ (ಪಾವಗಡ)

ಆ ಪೊಟ್ಟಣ ಕೊಡಲ್ಲ, ಡಾಕ್ಟರಿಗೆ ತೋರಿಸೋಕೆ ಎತ್ತಿಟ್ಟಿದ್ದೀನಿ. ನೀರಿನ ಸ್ಯಾಂಪಲ್ ಹೇಗೆ ಹಿಡಿಯಬೇಕು ಸರ್? ಗಾಜಿನ ಬಾಟಲಿ ಆಗುತ್ತಾ?

ನೆಲ್ಲಿಮರ

ಗಾಜು ಬೇಡ, ಫ್ಲೋರೈಡ್ ಗಾಜಿನ ಜೊತೆ ವರ್ತಿಸುತ್ತೆ. ಸ್ವಚ್ಛ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ. ಮೋಟಾರ್ ಹಾಕಿ ಐದು-ಹತ್ತು ನಿಮಿಷ ನೀರು ಹರಿಯಲು ಬಿಟ್ಟು, ಅದೇ ನೀರಲ್ಲಿ ಬಾಟಲಿ ಮೂರು ಸಲ ತೊಳೆದು, ತುಂಬಿಸಿ, ಊರು, ಬೋರ್‌ವೆಲ್ ಗುರುತು, ದಿನಾಂಕ ಬರೆದು ಅಂಟಿಸಿ. ಘಟಕದ ನೀರಿಗೆ ಬೇರೆ ಬಾಟಲಿ. ಮೂತ್ರದ ಸ್ಯಾಂಪಲ್ಲಿಗೂ ಪ್ಲಾಸ್ಟಿಕ್ಕೇ.